ಶಾಂತಲಾಳ ಪಾಲಿನ ಪೂಜೆ

ನಂಜನಾಡು, ಊಟಿ
ನವೆಂಬರ್ 22, ಶುಕ್ರವಾರ

ನನ್ನ ಬಂಗಾರದ ಕೂಸು ಶಾಂತಲಾಗೆ, ಅಜ್ಜಿ ನಿನ್ನ ತಲೆ ನೇವರಿಸಿ ಬರೆಯುವುದು.

ಹೇಗಿದ್ದೀಯ ಮಗಳೇ? ಮೈಯಲ್ಲಿ ಸುಖವಾಗಿದ್ದೀಯಾ? ಕೊಯಮತ್ತೂರಿನ ಸೆಕೆ ಈಗಲಾದರೂ ಒಗ್ಗಿತೇ? ಹಾಸ್ಟೆಲಿನ ನೀರಿಗೆ ಕೂದಲು ಉದುರುತ್ತಿದೆ ಎಂದಿದ್ದೆಯಲ್ಲ, ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ ಅಥವಾ ಅದು ಕಿಟಕಿಯಲ್ಲಿ ಕೂತು ಬಿಸಿಲು ಕಾಯಿಸುತ್ತಿದೆಯೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಈಚೆಗೆ ಫೋನಿನಲ್ಲಿ ನಾನು ಹತ್ತು ಮಾತಾಡಿದರೆ ನೀನು ‘ಸರಿ ಅಜ್ಜಿ’ ಎಂದು ಇಟ್ಟುಬಿಡುತ್ತೀಯ. ಕಾಗದ ಹಾಗಲ್ಲ, ಹೇಳುವುದನ್ನೆಲ್ಲ ಹೇಳಿಯೇ ಬಿಡುತ್ತದೆ. ನಾನು ಗುಂಡ್ಲುಪೇಟೆ ಶಾಲೆಯಲ್ಲಿ ಕನ್ನಡ ಕಲಿತವಳು, ನೀನು ತಮಿಳಿನಲ್ಲಿ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದು. ಓಟಗಾತಿಗೆ ಒಂದು ಕೆಲಸವಾದರೂ ನಿಧಾನವಾಗಿ ಮಾಡುವ ಅಭ್ಯಾಸವಾಗಲಿ.

ಇಲ್ಲಿ ಚಳಿ ಜೋರು. ಬೆಳಿಗ್ಗೆ ಎದ್ದರೆ ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಕೆಳಗಿನ ಹೊಲದ ಕ್ಯಾರೆಟ್ ಕಿತ್ತು, ತೊಳೆಯುವ ಮಿಷಿನ್ನಿಗೆ ಹಾಕಿ, ಮೇಟ್ಟುಪಾಳ್ಯದ ಮಂಡಿಗೆ ಲಾರಿ ಹತ್ತಿಸಿ ಆಯಿತು. ಮೊನ್ನೆ ಕಾಡೆಮ್ಮೆಗಳು ಕೋಸಿನ ಹೊಲಕ್ಕೆ ನುಗ್ಗಿದ್ದವು. ನಿನ್ನಪ್ಪ ತಗಡು ಬಡಿದು ಅವನ್ನು ಓಡಿಸುತ್ತೇನೆಂದು ಹೋದವನು ತಾನೇ ಓಡಿ ಬಂದು ಬಾಗಿಲು ಹಾಕಿಕೊಂಡ. ನಿನಗೆ ಈ ಕಾಲು ಯಾರಿಂದ ಬಂತು ಎಂದು ಅವತ್ತು ಗೊತ್ತಾಯಿತು.

ಇನ್ನು ವಿಷಯಕ್ಕೆ ಬರುತ್ತೇನೆ. ಸುಗನ್ಯಾ ಮೇಲೆ ಸಿಟ್ಟಾಗಬೇಡ. ನಿನ್ನ ರೂಮಿನಲ್ಲಿ ಮಲಗುವ ಹುಡುಗಿ, ನೋಡಿ ಸುಮ್ಮನಿರಲಾರದೆ ನಿನ್ನೆ ನನಗೆ ಫೋನ್ ಮಾಡಿದಳು. ‘ಪಾಟ್ಟಿ, ಶಾಂತಲಾ ಸಾಪ್ಪಿಡ್ರದೇ ಇಲ್ಲ’ ಎಂದು ಅತ್ತಳು. ನೀನು ಉಣ್ಣುವುದೇ ಇಲ್ಲವಂತೆ, ಬರೀ ಚಹಾ ಕುಡಿದು ಮಲಗುತ್ತೀಯಂತೆ. ಯಾಕೆ ಎಂದು ಬಿಡಿಸಿ ಕೇಳಿದ ಮೇಲೆ ತಿರುಚ್ಚಿಯ ಓಟದ ಕಥೆ ಹೊರಗೆ ಬಂತು. ಕೊರಳಲ್ಲಿ ಏನೂ ಇರಬಾರದು ಎಂದು ಓಟ ಶುರುವಾಗುವ ಗೆರೆಯ ಹತ್ತಿರ ಯಾರೋ ಹೇಳಿದರಂತೆ. ನೀನು ಶಿವದಾರ ಬಿಚ್ಚಿ, ಇಷ್ಟಲಿಂಗದ ಕರಡಿಗೆಯನ್ನು ಸುಗನ್ಯಾ ಕೈಗೆ ಕೊಟ್ಟು ಓಡಿದೆಯಂತೆ. ಕೊನೆಯ ಸುತ್ತಿನವರೆಗೂ ನೀನೇ ಮುಂದೆ. ಆಮೇಲೆ ಯಾವಾಗಲೂ ಮಾಡುವ ಹಾಗೆ ಎದೆ ಮುಟ್ಟಿಕೊಂಡೆಯಂತೆ, ಅಲ್ಲಿ ಕರಡಿಗೆ ಇರಲಿಲ್ಲ, ಕಾಲು ನಿಂತೇಬಿಟ್ಟವು. ಹಿಂದಿದ್ದವರೆಲ್ಲ ನಿನ್ನನ್ನು ದಾಟಿಕೊಂಡು ಹೋದರಂತೆ. ಇದನ್ನು ಬರೆಯುವಾಗ ನನ್ನ ಕಣ್ಣು ಮಂಜಾಗುತ್ತಿದೆ. ನೀನು ಸೋತದ್ದಕ್ಕಲ್ಲ. ಅಷ್ಟು ಜನರ ನಡುವೆ ನಿನಗೆ ಅಷ್ಟು ಭಯವಾದಾಗ ನಾನು ಅಲ್ಲಿರಲಿಲ್ಲವಲ್ಲ ಎಂದು.

ಆ ಸಂಜೆಯೇ ನಿನ್ನವ್ವನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದೆಯಂತೆ. ತಾಯಿ ಮಗಳು ಸೇರಿ ನನ್ನಿಂದ ಮುಚ್ಚಿಟ್ಟಿರಿ, ಇರಲಿ. ಅವಳು ಹೇಳಿದ ಮಾತನ್ನು ನಿನ್ನೆ ಅವಳ ಬಾಯಿಂದಲೇ ಹೊರಡಿಸಿದೆ. ‘ಶಿವನ್ನೇ ಬಿಚ್ಚಿಟ್ಟೋಳ್ನ ಇನ್ಯಾರವ್ವ ಗೆಲ್ಲುಸ್ತಾರು?’ ಎಂದಳಂತೆ. ಅಂದಿನಿಂದ ನಿನ್ನ ಲಿಂಗ ಟ್ರಂಕಿನಲ್ಲಿದೆ. ‘ಮುಟ್ಟಲು ನನ್ನ ಕೈ ಯೋಗ್ಯವಲ್ಲ’ ಎನ್ನುತ್ತೀಯಂತೆ. ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಯಾರೂ ತುತ್ತು ಎತ್ತುವುದಿಲ್ಲ, ಚಿಕ್ಕಂದಿನಿಂದ ನಿನಗೆ ಅದನ್ನು ಕಲಿಸಿದವಳು ನಾನೇ. ಪೂಜೆಗೆ ಯೋಗ್ಯಳಲ್ಲ ಎಂದುಕೊಂಡ ಮೇಲೆ ಊಟಕ್ಕೂ ಯೋಗ್ಯಳಲ್ಲ ಎಂದುಕೊಂಡೆಯಾ? ಅಯ್ಯೋ ನನ್ನ ಹುಚ್ಚು ಕೂಸೇ. ನಿನ್ನವ್ವನನ್ನು ನಾನು ಬೈದದ್ದು ಕೇರಿಗೆಲ್ಲ ಕೇಳಿಸಿತು. ಅವಳು ಹಿತ್ತಿಲಿಗೆ ಹೋಗಿ ಕೂತಳು.

ಇವತ್ತು ಬೆಳಿಗ್ಗೆ ನಮ್ಮ ಮನೆಯ ಗುರು ಅಯ್ಯನವರ ಮನೆಗೂ ಹೋಗಿ ಬಂದೆ. ಅವರು ಪೂರ್ತಿ ಕೇಳಲೂ ಇಲ್ಲ. ‘ತೊಳ್ದು, ಈಬೂತಿ ಧರ್ಸಿ ಮತ್ತೆ ಕಟ್ಕಳಕೇಳಿ ಸಣ್ಣತಾಯಮ್ಮ. ಅಷ್ಟುಕ್ಕೆಲ್ಲ ಮುನುಸ್ಕಳಕೆ ಶಿವ ಏನ್ ಬೀಗರ ಮನೆಯವ್ನಾ?’ ಎಂದು ನಕ್ಕರು. ಕೂಸು ಉಂಡಿತಾ ಎಂದು ಎರಡು ಸಲ ಕೇಳಿದರು.

ಅಯ್ಯನವರು ಹೇಳದೆ ಇದ್ದದ್ದೂ ಒಂದಿದೆ, ಅದನ್ನು ನಾನು ಹೇಳುತ್ತೇನೆ. ನೀನು ಏಳು ತಿಂಗಳಿಗೇ ಅವಸರ ಮಾಡಿ ಹುಟ್ಟಿದವಳು, ಅಲ್ಲೂ ಓಟವೇ. ಊಟಿ ಆಸ್ಪತ್ರೆಯಲ್ಲಿ ನಿನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಯ್ಯನವರು ನಿನಗೆಂದು ಪುಟ್ಟ ಲಿಂಗ ತಂದರೆ, ಮಗುವಿನ ಮೈಮೇಲೆ ಒಂದು ನೂಲೂ ಇರಕೂಡದು ಎಂದು ನರ್ಸಮ್ಮ ಬಾಗಿಲಲ್ಲೇ ತಡೆದಳು. ನಿನ್ನವ್ವ ಒಂದೇ ಸಮನೆ ಅಳು. ನಾನು ಆ ಲಿಂಗವನ್ನು ತೆಗೆದುಕೊಂಡು ನನ್ನ ಲಿಂಗದ ಜೊತೆಗೇ ಕೊರಳಿಗೆ ಕಟ್ಟಿಕೊಂಡೆ. ನೀನು ಮನೆಗೆ ಬರುವವರೆಗೂ ನನ್ನ ಪೂಜೆ ಮುಗಿಸಿ, ಮತ್ತೆ ಕೂತು ನಿನ್ನ ಪಾಲಿನದನ್ನೂ ಮಾಡಿದೆ. ಆಗ ಶಿವ ನಿನ್ನ ಮೈಮೇಲೆ ಇರಲಿಲ್ಲ. ನಿನ್ನನ್ನು ಬಿಟ್ಟು ಹೋಗಿದ್ದನೇ? ಆಗ ನೀನು ಯಾವ ಪದಕ ಗೆದ್ದಿದ್ದೆ ಹೇಳು? ಉಸಿರಾಡುತ್ತಿದ್ದೆ, ಅಷ್ಟೇ. ಅಷ್ಟಕ್ಕೇ ನಿನ್ನಪ್ಪ ಮಹದೇವಸ್ವಾಮಿ, ಯಾರೆದುರೂ ಬಾಯಿ ಬಿಡದ ಮನುಷ್ಯ, ವಾರ್ಡಿನವರಿಗೆಲ್ಲ ಬರ್ಫಿ ಹಂಚಿದ. ನಮಗೆ ನೀನು ಅವತ್ತೇ ಗೆದ್ದಾಗಿದೆ. ಉಳಿದದ್ದೆಲ್ಲ ನೀನು ನಿನ್ನ ಸಂತೋಷಕ್ಕೆ ಓಡಿದ್ದು.

ಹಾಸ್ಟೆಲಿಗೆ ಮನಸ್ಸಿನ ಮಾತು ಕೇಳುವ ಡಾಕ್ಟರಮ್ಮ ಬರುತ್ತಾರೆಂದು ಸುಗನ್ಯಾ ಹೇಳಿದಳು. ನಾಚಿಕೊಳ್ಳದೆ ಹೋಗು. ಕಾಲು ಉಳುಕಿದಾಗ ಡಾಕ್ಟರ ಹತ್ತಿರ ಹೋಗಲಿಲ್ಲವೇ? ಇದೂ ಹಾಗೇ. ಎದೆ ಮುಟ್ಟಿದಾಗ ಏನಾಯಿತು ಎಂದು ಅವರಿಗೆ ಹೇಳು. ಮತ್ತೆ ಓಡಬೇಕೆನಿಸಿದರೆ ಓಡು. ಬೇಡವೆನಿಸಿದರೆ ಬಸ್ಸು ಹತ್ತಿ ಮನೆಗೆ ಬಾ. ಬಾಗಿಲಲ್ಲಿ ನಿಲ್ಲಿಸಿ ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ ಅವರಿಗೆ ಉತ್ತರ ಕೊಡಲು ನಾನಿದ್ದೇನೆ.

ನಿನ್ನಪ್ಪ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ. ಸುಗನ್ಯಾಗೂ ನನ್ನ ಆಶೀರ್ವಾದ, ಅವಳು ನನ್ನ ಇನ್ನೊಬ್ಬ ಮೊಮ್ಮಗಳು ಇವತ್ತಿನಿಂದ. ಶಿವ ನಿನ್ನ ಹಸಿವನ್ನೂ ನಿದ್ದೆಯನ್ನೂ ಮೊದಲು ನಿನಗೆ ಮರಳಿ ಕೊಡಲಿ.

ನಿನ್ನ ಅಜ್ಜಿ,
ಸಣ್ಣತಾಯಮ್ಮ

ಶನಿವಾರ ಬೆಳಿಗ್ಗೆ, ಅವಸರದಲ್ಲಿ: ಕಾಗದ ಅಂಚೆಗೆ ಹಾಕುತ್ತಿಲ್ಲ. ಎದ್ದು ನೋಡಿದರೆ ನಿನ್ನವ್ವ ಸ್ವೆಟರ್ ತೊಟ್ಟು, ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಹೊರಟು ನಿಂತಿದ್ದಾಳೆ. ‘ಆಡಬಾರ್ದ ಮಾತ್ನ ಆಡ್ಬುಟ್ಟೆ ಅಂತ ನೀವೇ ಬರ್ದ್ಬುಡಿ ಅತ್ತೆ’ ಎಂದಳು. ‘ಬರೆಯುವುದಿಲ್ಲ, ಹೋಗಿ ನೀನೇ ಹೇಳು’ ಎಂದಿದ್ದೇನೆ. ಕಾಗದವನ್ನು ವಾಚ್‌ಮನ್ ಕೈಲಿ ಒಳಗೆ ಕಳಿಸಿ ತಾನು ಗೇಟಿನ ಹೊರಗೇ ನಿಲ್ಲುತ್ತಾಳಂತೆ, ನೀನು ಕರೆದರೆ ಮಾತ್ರ ಒಳಗೆ ಬರುತ್ತಾಳಂತೆ. ಅವಳಿಗೆ ತಪ್ಪಾಯಿತು ಎನ್ನಲು ಬಾಯಿ ಬರುತ್ತದೋ ಇಲ್ಲವೋ, ಕಾಯಬೇಡ. ಟ್ರಂಕಿನಿಂದ ಲಿಂಗ ತೆಗೆದುಕೊಂಡು ಹೋಗು, ಇಬ್ಬರೂ ಜೊತೆಗೆ ಕೂತು ಪೂಜೆ ಮಾಡಿ. ಬೇಗ ಹೋಗು ಮಗಳೇ. ಮೊನ್ನೆ ಸುಗನ್ಯಾ ಫೋನ್ ಇಟ್ಟಾಗಿನಿಂದ ನಿನ್ನವ್ವನೂ ಉಂಡಿಲ್ಲ.