ಮಗ್ಗಗಳ ನಡುವೆ ನಡೆದ ಸಭೆ

ಗಡಹಿಂಗ್ಲಜ, ಸೋಮವಾರ

ಚಿರಂಜೀವಿ ಹರ್ಷದನಿಗೆ ಆಶೀರ್ವಾದಗಳು.

ಇಚಲಕರಂಜಿಯ ನಿನ್ನ ನೇಯ್ಗೆ ಕಾರಖಾನೆಯಲ್ಲಿ, ಓಡುವ ಮಗ್ಗಗಳ ನಡುವೆಯೇ ತಿಂಗಳಿಗೊಮ್ಮೆ ಕೆಲಸಗಾರರ ಸಲಹೆ ಕೇಳುವ ಸಭೆಯ ಬಗ್ಗೆ ನೀನು ಬರೆದ ವರದಿಯನ್ನು, ನೀನು ಕೇಳಿದಂತೆ ತಿದ್ದಿ ಕಳಿಸಿದ್ದೇನೆ. ‘ಎಲ್ಲರೂ ಸಮಾಧಾನದಿಂದಿದ್ದಾರೆ’ ಎಂಬ ವಾಕ್ಯ ವ್ಯಾಕರಣದ ಪ್ರಕಾರ ಶುದ್ಧವಾಗಿದೆ. ಆದರೂ ಅದನ್ನು ಹೊಡೆದುಹಾಕಿದ್ದೇನೆ.

ನಿನ್ನಲ್ಲಿ ಬಹುಕಾಲದಿಂದ ದುಡಿಯುತ್ತಿರುವ ನೇಕಾರ ಸಿದ್ದರಾಯ ನಿನ್ನೆ ನನ್ನ ಮನೆಗೆ ಬಂದಿದ್ದ. ನನ್ನ ಪ್ರಶ್ನೆಗಳನ್ನು ಬಳಪದಿಂದ ಪಾಟಿಯ ಮೇಲೆ ಬರೆದು ತೋರಿಸಬೇಕಾಯಿತು.

“ಮಗ್ಗದ ಸಪ್ಪಳದಾಗ ಕಿವಿ ಹೋಗ್ಯಾವ್ರಿ ಸರ. ಮಾಲಕರು ಏನ ಅಂದ್ರೂ ತಲಿ ಅಲ್ಲಾಡಸ್ತೇನ್ರಿ. ಗೊತ್ತಾದ್ರ ಕೆಲಸದಿಂದ ತಗೀತಾರ” ಎಂದ.

ಮುಂದಿನ ಸಭೆಯನ್ನು ಮಗ್ಗಗಳನ್ನು ನಿಲ್ಲಿಸಿ ನಡೆಸು. ಸಿದ್ದರಾಯನನ್ನು ಕೊಲ್ಹಾಪುರದ ಕಿವಿಯ ವೈದ್ಯರಿಗೆ ತೋರಿಸುವ ಏರ್ಪಾಡು ಮಾಡು. ಅವನ ಜೊತೆಗೆ ನಾನು ಹೋಗುತ್ತೇನೆ. ಅದಕ್ಕೂ ಮೊದಲು, ಅವನ ಕೆಲಸ ಉಳಿಯುತ್ತದೆಂದು ದೊಡ್ಡ ಅಕ್ಷರಗಳಲ್ಲಿ ಬರೆದು, ನಿನ್ನ ಕೈಯಾರೆ ಅವನಿಗೆ ಕೊಡು. ಬಾಯಲ್ಲಿ ಹೇಳಿದರೆ ಮತ್ತೆ ತಲೆಯಾಡಿಸಿಯಾನು.

ನಿನ್ನ ಶ್ರೇಯಸ್ಸನ್ನು ಬಯಸುವ,
ಪದ್ಮಕುಮಾರ ಉಪಾಧ್ಯೆ
ನಿವೃತ್ತ ಶಿಕ್ಷಕ