ಆರು ದಿನದ ಬೆನ್ನು ನೋವು

ಅಪ್ಪಾ,

ನೀವು ಹೋಗಿ ಮೂರು ವರ್ಷವಾಯಿತು. ಇದನ್ನು ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲ, ಆದರೂ ಕೇಳದೆ ಇರಲಾರೆ. ನಿನ್ನೆ ನಿಮ್ಮ ಸೊಸೆ ಹೆತ್ತಳು, ಹೆಣ್ಣು ಮಗು. ನೀವು ಟೈರು ಬಿಚ್ಚುತ್ತಿದ್ದ ಅದೇ ಬಸ್ ಡಿಪೋದಲ್ಲಿ ನಾನು ಇವತ್ತು ಹದಿನೈದು ದಿನ ಸಂಬಳ ಸಹಿತ ರಜೆ ಕೇಳಿದೆ.

"ಹೆತ್ತವಳು ಅವಳು, ರಜೆ ನಿನಗ್ಯಾಕಯ್ಯಾ?" ಎಂದರು ಮ್ಯಾನೇಜರು. "ಇಲ್ಲಿ ಇದುವರೆಗೆ ಯಾವ ಗಂಡಸೂ ಇದಕ್ಕೆ ರಜೆ ಹಾಕಿಲ್ಲ."

"ಹೊಲಿಗೆ ಹಾಕಿಸ್ಕೊಂಡು ಮಲಗಿದ್ದಾಳೆ ಸಾರ್. ಮಗೂನ ಎತ್ತಿ ಕೊಡೋಕಾದ್ರೂ ಒಬ್ರು ಬೇಕಲ್ವಾ?"

ಕ್ಲರ್ಕ್ ಮೇಡಂ ಸುಮ್ಮನಿರಲಿಲ್ಲ. ನೋಡೇ ಬಿಡೋಣ ಎಂದು ಹಳೆಯ ರಜೆ ಪುಸ್ತಕಗಳನ್ನು ಧೂಳು ಕೊಡವಿ ತಂದರು. ನಾನು ಹುಟ್ಟಿದ ವಾರದ ಪುಟದಲ್ಲಿ ನಿಮ್ಮ ಹೆಸರಿತ್ತು. ಕಾರಣ: ಬೆನ್ನು ನೋವು, ಆರು ದಿನ.

ಸಂಜೆ ಅಮ್ಮನನ್ನು ಕೇಳಿದೆ. "ಅವರಿಗೆಲ್ಲಿಯ ಬೆನ್ನು ನೋವು? ಆರು ದಿನವೂ ನಿನ್ನ ಬಟ್ಟೆ ಒಗೆದು, ನಿನ್ನನ್ನ ಎದೆ ಮೇಲೆ ಹಾಕ್ಕೊಂಡು ಮಲಗಿಸಿದ್ರು. ಡಿಪೋದಲ್ಲಿ ನಗ್ತಾರೆ, ಯಾರಿಗೂ ಹೇಳ್ಬೇಡ ಅಂದಿದ್ರು," ಎಂದಳು.

ನನಗಾದರೂ ಹೇಳಬಾರದಿತ್ತೇ? ಒಂದು ದಿನವೂ ನನ್ನನ್ನು ಎತ್ತಿಕೊಂಡವರಲ್ಲ ನೀವು ಎಂದು ಒಮ್ಮೆ ಜಗಳದಲ್ಲಿ ನಾನು ಕೂಗಿದಾಗ, ನೀವು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಿರಿ. ಮಗುವಿನ ಕತ್ತನ್ನು ಹಿಡಿಯುವುದು ಹೇಗೆಂದು ನಿಮಗೆ ಕಲಿಸಿದವರು ಯಾರು? ನಾನು ಅತ್ತರೆ ಏನು ಮಾಡುತ್ತಿದ್ದಿರಿ? ಹಾಡುತ್ತಿದ್ದಿರಾ?

"ಸುಮ್ನೆ ಜ್ವರ ಅಂತ ಬರಿ, ಈಗಲೇ ಸಹಿ ಹಾಕ್ತೀನಿ," ಎಂದಿದ್ದರು ಮ್ಯಾನೇಜರು. ಅರ್ಜಿ ನನ್ನ ಮುಂದೆಯೇ ಇದೆ. ಕಾರಣದ ಜಾಗದಲ್ಲಿ ಈಗಷ್ಟೇ ಬರೆದೆ: ಮಗಳು ಹುಟ್ಟಿದ್ದಾಳೆ. ನನ್ನ ಬೆನ್ನು ಚೆನ್ನಾಗಿದೆ.