ಏಳನೆಯ ಹೆಸರು

ಮುಳಬಾಗಿಲು
೧೨ ನವೆಂಬರ್ ೨೦೦೬

ಪ್ರೀತಿಯ ಅನಿತಾ,

ಮಾಲೂರಿನಲ್ಲಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನು ಮಾತ್ರ ಕೋಪದಲ್ಲಿದ್ದೇನೆ.

ನಮ್ಮ ಕೇರಿಗೆ ಬೆಂಕಿಯಿಟ್ಟು ಏಳು ಜನರನ್ನು ಕೊಂದದ್ದನ್ನೆಲ್ಲ ಅಮ್ಮ ತೊಂಬತ್ತೆರಡರಲ್ಲಿ, ಕಾಲೇಜು ಮೇಷ್ಟ್ರು ಬಿಟ್ಟುಹೋಗಿದ್ದ ಟೇಪ್ ರೆಕಾರ್ಡರಿಗೆ ಹೇಳಿದ್ದಳಲ್ಲ. ಆ ಕ್ಯಾಸೆಟ್ಟನ್ನು ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದವರು ಈಗ ಕಂಪ್ಯೂಟರಿಗೆ ಏರಿಸಿದ್ದಾರೆ. ಅದನ್ನು ಕೇಳಿ ಕೋಲಾರದ ಕಾಲೇಜು ಹುಡುಗಿಯರು ನಾಟಕ ಕಟ್ಟಿದ್ದಾರೆ. ಮೊನ್ನೆ ನನ್ನನ್ನು ತಾಲೀಮಿಗೆ ಕರೆದಿದ್ದರು. ಕೊನೆಯಲ್ಲಿ ಸತ್ತವರ ಹೆಸರು ಕೂಗುತ್ತಾರೆ. ಆರೇ ಹೆಸರು. ಅಪ್ಪನದಿಲ್ಲ.

ನೇರ ಗ್ರಂಥಾಲಯಕ್ಕೇ ಹೋಗಿ ಜಗಳವಾಡಿದೆ. ಅಲ್ಲಿನ ನಂದಿತಾ ಎಂಬಾಕೆ, ಧ್ವನಿಯಲ್ಲಿ ಇದ್ದದ್ದನ್ನಷ್ಟೇ ಬರೆದುಕೊಂಡೆವು ಮೇಡಂ, ಅಂದಳು. ಒಂಬತ್ತು ದಿನ ನರಳಿ ಸತ್ತ ಅಪ್ಪ ಪೊಲೀಸರ ಪಟ್ಟಿಯಲ್ಲೂ ಇರಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸಿನ ಮಾತಿನಲ್ಲಿ ಆ ಹೆಸರು ಸಿಗಲಿಲ್ಲವೆಂದು ಇವರೂ ಆರಕ್ಕೇ ನಿಲ್ಲಿಸಿದರಲ್ಲ! ಓದಿದವರಂತೆ! ಒಬ್ಬರಾದರೂ ನಮ್ಮನ್ನು ಕೇಳಬಾರದಿತ್ತೇ?

ಆಮೇಲೆ ಆಕೆ ಏನನ್ನೂ ಕತ್ತರಿಸದ ಮೂಲ ಧ್ವನಿ ಹಾಕಿದಳು. ಅಮ್ಮ ಕೆಮ್ಮುತ್ತಾಳೆ. ಲೇ ಭಾರತಿ, ಅದನ್ನ ನೆಟ್ಟಗೆ ಹಿಡ್ಕೊಳೇ, ನಿದ್ದೆ ಮಾಡ್ತೀಯಾ, ಎಂದು ಗದರುತ್ತಾಳೆ. ಅವಳು ಹೋಗಿ ಎರಡು ವರ್ಷವಾಯಿತು ಅನಿತಾ, ಹಾಗೆ ನನ್ನನ್ನು ಗದರುವವರಿಲ್ಲ. ಇನ್ನೊಮ್ಮೆ ಹಾಕಮ್ಮ ಅಂದೆ. ಐದು ಸಲ ಹಾಕಿದಳು, ಪುಣ್ಯಾತ್ಗಿತ್ತಿ. ಬಸ್ಸು ತಪ್ಪಿಹೋಯಿತು.

ಆರನೆಯ ಹೆಸರಾದ ಮೇಲೆ ಹತ್ತು ಸೆಕೆಂಡು ಯಾರೂ ಮಾತಾಡುವುದಿಲ್ಲ. ಕೆಲಸಕ್ಕೆ ಬಾರದ್ದೆಂದು ಅದನ್ನು ತೆಗೆದುಹಾಕಿದ್ದರು.

ನಾಟಕ ೨೬ಕ್ಕೆ. ಅಷ್ಟರೊಳಗೆ ಮನೆಯವರು ಬಂದು ಅಪ್ಪನ ಹೆಸರು ಹೇಳಿದರೆ ಅದನ್ನು ಅಮ್ಮನ ಮಾತಿನ ಜೊತೆಗೇ ಇಡುತ್ತಾರಂತೆ, ನಾಟಕಕ್ಕೂ ಸೇರಿಸುತ್ತಾರಂತೆ. ಅಪ್ಪ ಹೋದಾಗ ನೀನು ತೊಟ್ಟಿಲ ಕೂಸು, ಅವನನ್ನು ಒಂದು ಸಲವೂ ಕರೆದವಳಲ್ಲ. ನಿನ್ನ ಬಾಯಲ್ಲೇ ಬರಲಿ. ೨೪ರ ಬೆಳಗಿನ ರೈಲಿಗೆ ಬಾ. ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಕಾದಿರುತ್ತೇನೆ.

ನಿನ್ನ ಅಕ್ಕ,
ಭಾರತಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ಆರು ಹೆಸರು ಹೇಳಿದ ಅಮ್ಮ ನನ್ನ ಕಡೆ ತಿರುಗಿ, ನೀನು ಹೇಳು ಎಂದು ಸನ್ನೆ ಮಾಡಿದಳು. ರೇಷನ್ ಅಂಗಡಿಯಲ್ಲಿ ಅಪ್ಪನ ಹೆಸರನ್ನು ಯಾವಾಗಲೂ ಹಾಗೇ ನನ್ನಿಂದ ಹೇಳಿಸುತ್ತಿದ್ದಳು. ಪುಸ್ತಕ ಓದಿ ಬೀಗುತ್ತಿದ್ದ ಹದಿನೇಳರ ನಾನು, ಇನ್ನೂ ಎಂಥ ಕಟ್ಟಳೆ, ಬೇಕಾದರೆ ಅವಳೇ ಹೇಳಲಿ ಎಂದು ಹಟ ಹಿಡಿದು ಕೂತೆ. ಅವಳು ಕಾದಳು. ಟೇಪು ನಿಲ್ಲಿಸಿದವಳು ನಾನೇ. ಸಾಯುವವರೆಗೂ ಅವಳು ಆ ಮಾತೆತ್ತಲಿಲ್ಲ. ಒಬ್ಬಳೇ ಹೋಗಿ ಹೇಳಲು ನನಗಾಗದು ಕಣೇ. ನೀನು ಬಾ, ಇಬ್ಬರೂ ಒಟ್ಟಿಗೆ ಹೇಳೋಣ: ವೆಂಕಟರಾಯಪ್ಪ.